ಒಂದು ಯೂನಿಟ್ ರಕ್ತದ ಲೆಕ್ಕ

2023ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಾಯುಪಡೆಯ ಮಾಜಿ ಯೋಧರೊಬ್ಬರಿಗೆ 1 ಕೋಟಿ 54 ಲಕ್ಷ 73 ಸಾವಿರ ರೂಪಾಯಿ ಪರಿಹಾರ. ಸುದ್ದಿ ನಮ್ಮೆಲ್ಲರ ಫೋನಿನಲ್ಲೂ ಬಂದು ಹೋಯ್ತು. ಮೊತ್ತ ನೋಡಿ ‘ಅಬ್ಬಾ’ ಅಂದು ಮುಂದಿನ ಸುದ್ದಿಗೆ ಹೋದವರೇ ಹೆಚ್ಚು. ನಾನು ಸ್ವಲ್ಪ ತಡವಾಗಿ, ಒಂದು ಭಾನುವಾರ ಕೂತು ಆ ತೀರ್ಪು ಓದಿದೆ. ಓದಿದ ಮೇಲೆ ಹಣದ ವಿಷಯ ಹಿಂದೆ ಸರಿದು, ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳೀತು. ಯೋಧನಿಗೆ ಕೊಟ್ಟ ರಕ್ತ ಸುರಕ್ಷಿತವಾಗಿತ್ತು ಅಂತ ಸಾಬೀತು ಮಾಡಬೇಕಾದವರು ಯಾರು?

ಕಥೆ ಇಷ್ಟು. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಗಡಿಯಲ್ಲಿ ‘ಆಪರೇಷನ್ ಪರಾಕ್ರಮ್’ ಶುರುವಾಯ್ತು. ಅದರಲ್ಲಿ ಭಾಗಿಯಾಗಿದ್ದ ಈ ಯೋಧ 2002ರ ಜುಲೈನಲ್ಲಿ ಕಾಯಿಲೆ ಬಿದ್ದರು. ಜಮ್ಮುವಿನ ಸಾಂಬಾದ ಸೇನಾ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಒಂದು ಯೂನಿಟ್ ರಕ್ತ ಕೊಟ್ಟರು. ಗುಣವಾಯ್ತು, ಕೆಲಸಕ್ಕೆ ಮರಳಿದರು. ಹನ್ನೆರಡು ವರ್ಷ ಕಳೆದು 2014ರಲ್ಲಿ ಮತ್ತೆ ಆರೋಗ್ಯ ಕೆಟ್ಟಾಗ ಟೆಸ್ಟ್ ಮಾಡಿದರೆ ಎಚ್‌ಐವಿ ಪಾಸಿಟಿವ್. ಆ ರಕ್ತದಿಂದಲೇ ಸೋಂಕು ಬಂದಿದೆ ಅಂತ ಸೇನೆಯ ವೈದ್ಯಕೀಯ ಮಂಡಳಿಯೇ ಬರೆಯಿತು. ಆದರೂ ಸೇವೆ ಮುಂದುವರಿಸಲು ಅವಕಾಶ ಸಿಗಲಿಲ್ಲ. 2016ರ ಮೇ ತಿಂಗಳಲ್ಲಿ ಮನೆಗೆ ಬಂದರು.

ನಮ್ಮ ಊರುಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರನ್ನು ತೆರೆದ ಜೀಪಿನಲ್ಲಿ ಕೂರಿಸಿ, ಹಾರ ಹಾಕಿ ಮೆರವಣಿಗೆ ಮಾಡ್ತೀವಿ. ಇವರ ಪಾಲಿಗೆ ಬಂದದ್ದು ದಾಖಲೆ ಕೊಡಿ ಅಂತ ಪತ್ರದ ಮೇಲೆ ಪತ್ರ ಬರೆಯುವ ಕೆಲಸ.

ಆ ದಾಖಲೆಗಳಲ್ಲೇ ಇಡೀ ಪ್ರಕರಣದ ಜೀವ ಇತ್ತು. ರಕ್ತ ಎಲ್ಲಿಂದ ಬಂತು? ದಾನಿ ಯಾರು? ಯಾವ ಕಿಟ್‌ನಲ್ಲಿ ಪರೀಕ್ಷೆ ಆಯ್ತು? ಸಾಂಬಾದ ಆಸ್ಪತ್ರೆಯಲ್ಲಿ ಪರವಾನಗಿ ಪಡೆದ ರಕ್ತನಿಧಿ ಇರಲಿಲ್ಲ, ಪೆಥಾಲಜಿಸ್ಟ್ ಕೂಡ ಇರಲಿಲ್ಲ. ರಕ್ತ ಕೊಡುವ ಮುಂಚೆ ಪರೀಕ್ಷೆ ಆಗಿತ್ತು ಅಂತ ತೋರಿಸುವ ಗಟ್ಟಿ ದಾಖಲೆ ಕೋರ್ಟಿನ ಮುಂದೆ ಬರಲೇ ಇಲ್ಲ. ರಾಷ್ಟ್ರೀಯ ಗ್ರಾಹಕ ಆಯೋಗ ಈ ಯೋಧನ ದೂರನ್ನು ವಜಾ ಮಾಡಿತ್ತು. ಸುಪ್ರೀಂ ಕೋರ್ಟ್ ಮಾತ್ರ ಹೊರೆಯನ್ನು ಆ ಕಡೆಗೆ ತಿರುಗಿಸಿತು. ಎಚ್ಚರಿಕೆ ವಹಿಸಿದ್ದೆವು ಅಂತ ತೋರಿಸಬೇಕಾದವರು ಸೇನೆಯವರು, ಹಾಸಿಗೆಯಲ್ಲಿ ಮಲಗಿದ್ದ ರೋಗಿ ಅಲ್ಲ. ವಾಯುಪಡೆ ಮತ್ತು ಭೂಸೇನೆ ಎರಡೂ ಹೊಣೆ ಅಂತ ಹೇಳಿತು.

ನನಗೆ ಇದು ಬಹಳ ಸರಿ ಅನ್ನಿಸ್ತು. ನಮಗೆ ಒಂದು ಆಸ್ಪತ್ರೆ ಇಷ್ಟ ಆಗದಿದ್ದರೆ ಇನ್ನೊಂದಕ್ಕೆ ಹೋಗ್ತೀವಿ. ಆ್ಯಪ್ ತೆಗೆದು ರೇಟಿಂಗ್ ನೋಡ್ತೀವಿ. ಗಡಿಯಲ್ಲಿರುವ ಯೋಧನಿಗೆ ಈ ಆಯ್ಕೆ ಇಲ್ಲ. ಎಲ್ಲಿ ಇರಬೇಕು, ಯಾವ ಡಾಕ್ಟರ್ ನೋಡಬೇಕು ಅನ್ನೋದನ್ನೆಲ್ಲ ಸಂಸ್ಥೆಯೇ ತೀರ್ಮಾನಿಸುತ್ತೆ. ಆಯ್ಕೆಯನ್ನು ಪೂರ್ತಿಯಾಗಿ ತನ್ನ ಕೈಗೆ ತಗೊಂಡ ಮೇಲೆ ಲೆಕ್ಕ ಒಪ್ಪಿಸುವ ಹೊಣೆಯೂ ಪೂರ್ತಿಯಾಗಿ ಅದರದ್ದೇ ಆಗಬೇಕಲ್ವಾ?

ಸಾಫ್ಟ್‌ವೇರ್‌ನಲ್ಲಿ ನಮಗೆ ಇದು ದಿನದ ಪಾಠ. ಪ್ರೊಡಕ್ಷನ್‌ನಲ್ಲಿ ಏನಾದರೂ ಕೆಟ್ಟರೆ ಮೊದಲು ಕೇಳೋದು ‘ಲಾಗ್ ಎಲ್ಲಿ?’ ಅಂತ. ‘ಟೆಸ್ಟ್ ಮಾಡಿದ್ದೆ ಸರ್’ ಅನ್ನೋ ಬಾಯಿಮಾತನ್ನು ಯಾರೂ ಒಪ್ಪಲ್ಲ. ನಮ್ಮಲ್ಲಿ ಹೆಚ್ಚೆಂದರೆ ಒಂದು ಪೇಮೆಂಟ್ ನಿಲ್ಲುತ್ತೆ. ಅಲ್ಲಿ ಒಂದು ಜೀವನವೇ ತಿರುಗಿ ಹೋಯ್ತು.

ಇನ್ನೊಂದು ಪ್ರಕರಣ ಇದಕ್ಕೆ ಪೂರ್ತಿ ಉಲ್ಟಾ. ಸೇನೆಯ ಹವಾಲ್ದಾರ್ ಒಬ್ಬರನ್ನು ಏಡ್ಸ್ ಇದೆ ಅಂತ ಹೇಳಿ 2001ರಲ್ಲಿ ಸೇವೆಯಿಂದ ಬಿಡುಗಡೆ ಮಾಡಿದರು. ಆ ರೋಗನಿರ್ಣಯವೇ ತಪ್ಪಾಗಿತ್ತು. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇಲ್ಲದ ರೋಗದ ಹಣೆಪಟ್ಟಿ ಹೊತ್ತು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓಡಾಡೋದು ಅಂದರೆ ಏನು ಅಂತ ಯೋಚನೆ ಮಾಡಿ. ಒಂದು ಕಡೆ ಸೋಂಕು ಇರುವ ರಕ್ತ ಕಣ್ಣು ತಪ್ಪಿಸಿ ಒಳಗೆ ಹೋಯ್ತು. ಇನ್ನೊಂದು ಕಡೆ ಏಡ್ಸ್ ಇಲ್ಲದವರು ಹೊರಗೆ ಬಿದ್ದರು.

ಹಾಗಂತ ರಕ್ತ ಅಂದರೆ ಹೆದರಬೇಕಿಲ್ಲ. ನಮ್ಮ ಆಫೀಸಿನಲ್ಲಿ ಪ್ರತಿವರ್ಷ ರಕ್ತದಾನ ಶಿಬಿರ ನಡೆಯುತ್ತೆ. ಈಗ ದಾನವಾದ ಪ್ರತಿ ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡಲೇಬೇಕು. ಆದರೂ ಒಂದು ಸಣ್ಣ ಸಂದು ಉಳಿಯುತ್ತೆ. ಸೋಂಕು ತಗುಲಿದ ಕೂಡಲೇ ಯಾವ ಟೆಸ್ಟೂ ಅದನ್ನು ಹಿಡಿಯಲ್ಲ. ಇದಕ್ಕೆ ವಿಂಡೋ ಪೀರಿಯಡ್ ಅಂತಾರೆ. ಆ್ಯಂಟಿಬಾಡಿ ಹುಡುಕುವ ಟೆಸ್ಟ್‌ಗೆ 23ರಿಂದ 90 ದಿನ ಬೇಕಾಗಬಹುದು. ವೈರಸ್ಸನ್ನೇ ನೇರವಾಗಿ ಹುಡುಕುವ ನ್ಯಾಟ್ ಪರೀಕ್ಷೆಗೆ 10ರಿಂದ 33 ದಿನ. ಅದಕ್ಕೇ ಶಿಬಿರದ ಫಾರ್ಮ್‌ನಲ್ಲಿ ಮುಜುಗರದ ಪ್ರಶ್ನೆಗಳು ಇರೋದು. ಪಕ್ಕದಲ್ಲಿ ಮ್ಯಾನೇಜರ್ ಕೂತಿದ್ದಾರೆ ಅಂತ ಎಲ್ಲಕ್ಕೂ ‘ಇಲ್ಲ’ ಅಂತ ಟಿಕ್ ಮಾಡಬೇಡಿ. ಅನುಮಾನ ಇದ್ದರೆ ಆ ದಿನ ರಕ್ತ ಕೊಡದೇ ಇರೋದೇ ದೊಡ್ಡ ದಾನ. ಫ್ರೀ ಆಗಿ ಟೆಸ್ಟ್ ಆಗುತ್ತೆ ಅಂತ ರಕ್ತ ಕೊಡೋರೂ ಇದ್ದಾರೆ. ಅದು ಬೇಡ. ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಗೋಪ್ಯ. 1097ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತೆ.

ಟೆಸ್ಟ್ ಪಾಸಿಟಿವ್ ಬಂದ ಮೇಲೆ ಏನು? ಇಲ್ಲಿ ನಮ್ಮ ತಲೆಯೊಳಗಿನ ಚಿತ್ರ ಇನ್ನೂ ತೊಂಬತ್ತರ ದಶಕದ ಪೋಸ್ಟರ್‌ನಲ್ಲೇ ನಿಂತಿದೆ. ನಮ್ಮ ದೇಶದಲ್ಲಿ 2004ರಿಂದ ಎಆರ್‌ಟಿ ಔಷಧ ಉಚಿತ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕು. ಸರಿಯಾಗಿ ತಗೊಂಡರೆ ವೈರಸ್ ಟೆಸ್ಟ್‌ನಲ್ಲಿ ಕಾಣದಷ್ಟು ಕಡಿಮೆ ಆಗುತ್ತೆ. ಆ ಸ್ಥಿತಿಯಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಸಂಗಾತಿಗೆ ಹರಡಲ್ಲ. ವಿಜ್ಞಾನ ಇಷ್ಟು ಮುಂದೆ ಬಂದಿದೆ. ನಿಯಮಗಳು ನಿಧಾನಕ್ಕೆ ಹಿಂದೆ ಬರ್ತಿವೆ. ಅಮೆರಿಕದ ಸೇನೆಯಲ್ಲೂ ಎಚ್‌ಐವಿ ಇದ್ದ ಯೋಧರನ್ನು ವಿದೇಶಿ ಕರ್ತವ್ಯಕ್ಕೆ ಕಳಿಸೋದು, ಅಧಿಕಾರಿಗಳಾಗಿ ಬಡ್ತಿ ಕೊಡೋದು ಕಷ್ಟವಿತ್ತು. ಕೆಲವರು ಕೋರ್ಟಿಗೆ ಹೋಗಿ ಗೆದ್ದ ಮೇಲೆ, 2022ರ ಜೂನ್‌ನಲ್ಲಿ ವೈರಸ್ ನಿಯಂತ್ರಣದಲ್ಲಿರುವ ಯೋಧರ ಮೇಲಿನ ಆ ನಿರ್ಬಂಧವನ್ನು ಅಲ್ಲಿನ ರಕ್ಷಣಾ ಇಲಾಖೆ ಸಡಿಲಿಸಿತು.

ನಮ್ಮಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಉದ್ಯೋಗದಲ್ಲಿ ತಾರತಮ್ಯ ಮಾಡುವಂತಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಇದಕ್ಕೆಂದೇ ಒಬ್ಬ ದೂರು ಅಧಿಕಾರಿ ಇರಬೇಕು. ನಿಮ್ಮ ಕಂಪನಿಯಲ್ಲಿ ಅವರು ಯಾರು ಅಂತ ಎಚ್‌ಆರ್‌ಗೆ ಒಮ್ಮೆ ಕೇಳಿ ನೋಡಿ. ಸಾಂಬಾ ಪ್ರಕರಣದ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಸರಿಯಾಗಿ ಜಾರಿ ಮಾಡಿ, ಸೋಂಕಿತರ ಕೇಸುಗಳಿಗೆ ಆದ್ಯತೆ ಕೊಡಿ, ಅವರ ಗುರುತನ್ನು ಕಾಪಾಡಿ ಅಂತ ನಿರ್ದೇಶನ ಕೊಟ್ಟಿದೆ.

ಆ ಪರಿಹಾರದಲ್ಲಿ 86 ಲಕ್ಷ 73 ಸಾವಿರ ಕಳೆದುಹೋದ ಸಂಪಾದನೆಗೆ, 50 ಲಕ್ಷ ಮಾನಸಿಕ ಯಾತನೆಗೆ, 18 ಲಕ್ಷ ಮುಂದಿನ ಆರೈಕೆಗೆ. ಇಷ್ಟು ಹಣದಿಂದಲೂ ಹಳೆಯ ಬದುಕು ವಾಪಸ್ ಬರಲ್ಲ. ಆದರೆ ಆ ತೀರ್ಪು ಬಂದ ಮೇಲೆ, ದೂರದ ಒಂದು ಸೇನಾ ಆಸ್ಪತ್ರೆಯಲ್ಲಿ ರಕ್ತದ ಚೀಲ ಕೈಗೆ ತಗೊಂಡ ಸಿಬ್ಬಂದಿ ಅದರ ಲೇಬಲ್ಲನ್ನು ಇನ್ನೊಮ್ಮೆ ಓದಿ, ರಿಜಿಸ್ಟರ್‌ನಲ್ಲಿ ನಂಬರ್ ಬರೆದು ಸಹಿ ಹಾಕಿದರೆ, ಆ ಯೋಧ ಇಷ್ಟು ವರ್ಷ ಹೋರಾಡಿದ್ದಕ್ಕೆ ಫಲ ಸಿಕ್ಕಂತೆ.