ಲೇಸ್ ಕಟ್ಟದವನು ಮತ್ತು ನಾನು

“ಲೇಸ್ ಸರಿಯಾಗಿ ಕಟ್ಕೊಳಮ್ಮ. ಬಿದ್ದು ಹಲ್ಲು ಮುರ್ಕೊಂಡ್ರೆ ನಿಮ್ಮಪ್ಪ ನನ್ನ ಹಿಡ್ಕೊಂಡು ಕೇಳ್ತಾರೆ.”

ತುಮಕೂರಿನ ಹೈಸ್ಕೂಲಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಪ್ರತಿ ಓಟಕ್ಕೂ ಮುಂಚೆ ಹೇಳುತ್ತಿದ್ದ ಮಾತಿದು. ಅಭ್ಯಾಸಬಲ ಹೇಗಿತ್ತೆಂದರೆ, ಚಪ್ಪಲಿ ಹಾಕಿಕೊಂಡಾಗಲೂ ಒಮ್ಮೆ ಬಗ್ಗಿ ನೋಡುತ್ತಿದ್ದೆ. ಹಾಗಾಗಿ 2011ರ ಸೆಪ್ಟೆಂಬರ್ 10ರ ರಾತ್ರಿ ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ ಕೂತು ನಾನು ಮೊದಲು ಗಮನಿಸಿದ್ದು ಚೆಂಡನ್ನಲ್ಲ, ಒಬ್ಬ ಆಟಗಾರನ ಶೂಗಳನ್ನು. ಡೆನಾರ್ಡ್ ರಾಬಿನ್ಸನ್. ಲೇಸ್ ಕಟ್ಟದೇ ಓಡುತ್ತಿದ್ದ. ಅದಕ್ಕೇ ಅವನ ಅಡ್ಡಹೆಸರು ‘ಶೂಲೇಸ್’ ಅಂತ ಪಕ್ಕದಲ್ಲಿದ್ದ ರೂಮ್‌ಮೇಟ್ ಹೇಳಿದಳು.

ಎಂ.ಎಸ್. ಮಾಡಲು ಆನ್ ಆರ್ಬರ್‌ಗೆ ಬಂದು ಆಗಿನ್ನೂ ಒಂದು ತಿಂಗಳಾಗಿರಲಿಲ್ಲ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಆ ಫುಟ್‌ಬಾಲ್ ನನಗೆ ಒಂದು ಚೂರೂ ಅರ್ಥವಾಗುತ್ತಿರಲಿಲ್ಲ. ಆದರೆ ಜನ! ಆ ಸ್ಟೇಡಿಯಂನಲ್ಲಿ ಅದೇ ಮೊದಲ ರಾತ್ರಿ ಪಂದ್ಯ, ಎದುರಾಳಿ ನೋಟರ್ ಡೇಮ್. ನೋಡಲು ಬಂದವರು 1,14,804 ಮಂದಿ. ಹಿಂದಿನ ವರ್ಷದ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆಯೇ 1,13,934! ಇಡೀ ಊರು ಬಂದು ಕೂತರೂ ಅಷ್ಟು ಜನ ಆಗುತ್ತಿರಲಿಲ್ಲ. ಅದೂ ಕಾಲೇಜು ಹುಡುಗರ ಆಟಕ್ಕೆ. ಮೂರು ಕ್ವಾರ್ಟರ್ ಮುಗಿದಾಗ 24-7ರಲ್ಲಿ ಹಿಂದಿದ್ದ ಮಿಷಿಗನ್, ಎರಡು ಸೆಕೆಂಡ್ ಬಾಕಿ ಇದ್ದಾಗ ಟಚ್‌ಡೌನ್ ಹೊಡೆದು 35-31ರಲ್ಲಿ ಗೆದ್ದಿತು. ಯಾರೋ ಗೊತ್ತಿಲ್ಲದ ಅಜ್ಜಿ ನನ್ನನ್ನು ತಬ್ಬಿಕೊಂಡು ಅತ್ತರು. ನನಗೂ ಅಳು ಬಂತು. ಯಾಕೆ ಅಂತ ಅವರಿಗೆ ಹೇಳಲಿಲ್ಲ.

ನಾನು 1500 ಮೀಟರ್ ಓಡುತ್ತಿದ್ದೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೇರಿದ ಮೇಲೂ ಬಿಟ್ಟಿರಲಿಲ್ಲ. ಹಾಸ್ಟೆಲಿನಿಂದ ಬೆಳಿಗ್ಗೆ ಐದಕ್ಕೆ ಹೊರಟು, ಏಳಕ್ಕೆ ವಾಪಸ್ ಬಂದು, ತಣ್ಣಗಾದ ಚಿತ್ರಾನ್ನ ತಿಂದು ಕ್ಲಾಸಿಗೆ ಓಡಬೇಕು. ಮೂರನೇ ಸೆಮಿಸ್ಟರ್‌ನಲ್ಲಿ ಇಂಟರ್‌ಕಾಲೇಜಿಯೇಟ್ ಮೀಟ್ ಮತ್ತು ಇಂಟರ್ನಲ್ಸ್ ಒಂದೇ ದಿನ ಬಿದ್ದವು. ಟೆಸ್ಟನ್ನು ಬೇರೆ ದಿನ ಕೊಡಿ ಅಂತ ಎಚ್‌ಓಡಿ ಹತ್ತಿರ ಪತ್ರ ಹಿಡಿದುಕೊಂಡು ಹೋದೆ. ಅವರು ಬೈಯಲಿಲ್ಲ. ಪತ್ರ ಓದಿ, ಮಡಚಿ, ಹಿಂದಕ್ಕೆ ಕೊಟ್ಟರು.

“ನೋಡಮ್ಮ, ಓಡೋದ್ರಿಂದ ಪ್ಲೇಸ್‌ಮೆಂಟ್ ಆಗುತ್ತಾ?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ, “ಸರ್ ಹೇಳೋದೂ ಸರೀನೇ ಅಲ್ವಾ ಪುಟ್ಟಿ” ಅಂದರು. ಟೆಸ್ಟ್ ಬರೆದೆ. 25ಕ್ಕೆ 19 ಬಂತು. ರಜೆಗೆ ಊರಿಗೆ ಹೋದಾಗ ಅಮ್ಮ ನನ್ನ ಸ್ಪೈಕ್ಸ್ ತೊಳೆದು ಒಣಗಿಸಿ, ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಅಷ್ಟೇ, ಮುಗೀತು.

ಆನ್ ಆರ್ಬರ್‌ನಲ್ಲಿ ಎರಡನೇ ಸೆಮಿಸ್ಟರ್‌ಗೆ ನನಗೆ ಜಿಎಸ್‌ಐ ಕೆಲಸ ಸಿಕ್ಕಿತು. ಅಂದರೆ ಜೂನಿಯರ್‌ಗಳಿಗೆ ಲ್ಯಾಬ್ ನಡೆಸಿ, ಅಸೈನ್‌ಮೆಂಟ್ ತಿದ್ದೋದು. ಜನವರಿಯ ಒಂದು ದಿನ, ಹೊರಗೆ ಮೊಣಕಾಲುದ್ದ ಹಿಮ. ಲ್ಯಾಬ್ ಮುಗಿದ ಮೇಲೆ ಒಬ್ಬ ಹುಡುಗಿ ಬಂದು ಪತ್ರ ಕೊಟ್ಟಳು. ಅಥ್ಲೆಟಿಕ್ ಡಿಪಾರ್ಟ್‌ಮೆಂಟಿನ ಪತ್ರ. ಟ್ರ್ಯಾಕ್ ಟೀಮಿನವಳು, ಇಂತಿಂಥ ಶುಕ್ರವಾರಗಳಂದು ಮೀಟ್ ಇದೆ, ತಪ್ಪುವ ಲ್ಯಾಬ್‌ಗಳಿಗೆ ಬೇರೆ ದಿನ ಗೊತ್ತುಮಾಡಿಕೊಡಿ ಅಂತ. ಇಡೀ ಸೆಮಿಸ್ಟರಿನ ಪಟ್ಟಿ ಟೈಪ್ ಆಗಿತ್ತು. ಅವಳ ಮುಖದಲ್ಲಿ ಒಂಚೂರು ಅಳುಕಿರಲಿಲ್ಲ. ಬಸ್ ಪಾಸ್ ತೋರಿಸಿದಷ್ಟು ಸಲೀಸಾಗಿ ತೋರಿಸಿದಳು.

ಆವತ್ತು ರಾತ್ರಿ ಕೂತು ಓದಿದೆ, ಇವರಿಗೆ ಇದೆಲ್ಲ ಹೇಗೆ ಸಾಧ್ಯ ಅಂತ. ಒಂದು ಕಾರಣ ಕಾನೂನು. 1972ರ ‘ಟೈಟಲ್ ನೈನ್’: ಫೆಡರಲ್ ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು-ಗಂಡೆಂದು ಭೇದ ಮಾಡುವಂತಿಲ್ಲ. ಕಾನೂನಿನಲ್ಲಿ ಆಟ ಅನ್ನೋ ಪದವೇ ಇಲ್ಲ. ಆದರೆ ಅದು ಮೈದಾನಕ್ಕೂ ಅನ್ವಯಿಸುತ್ತೆ ಅಂತಾದಾಗ ಫುಟ್‌ಬಾಲ್ ಕೋಚ್‌ಗಳು ಗಾಬರಿಬಿದ್ದು, ತಮ್ಮನ್ನು ಬಿಟ್ಟುಬಿಡಿ ಅಂತ ಅಧ್ಯಕ್ಷರ ತನಕ ಹೋದರು. ಅಧ್ಯಕ್ಷ ಯಾರು ಗೊತ್ತಾ? ಜೆರಾಲ್ಡ್ ಫೋರ್ಡ್. ಇದೇ ಮಿಷಿಗನ್ ಯೂನಿವರ್ಸಿಟಿಗೆ ಫುಟ್‌ಬಾಲ್ ಆಡಿದವರು, ಓದುವಾಗ ಖರ್ಚಿಗೆ ಪಾತ್ರೆ ತೊಳೆದವರು. 1975ರಲ್ಲಿ ಅವರು ಸಹಿ ಹಾಕಿದ ನಿಯಮಗಳಲ್ಲಿ ಫುಟ್‌ಬಾಲಿಗೆ ವಿನಾಯಿತಿ ಇರಲಿಲ್ಲ. ನನ್ನ ಲ್ಯಾಬಿನ ಹುಡುಗಿಯ ಪತ್ರ ಬಂದಿದ್ದು ಆ ದಾರಿಯಿಂದ.

ಇನ್ನೊಂದು ಕಾರಣ ದುಡ್ಡು. ಅಲ್ಲಿನ ಬಹುಪಾಲು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಕ್ರೀಡೆಯ ಖರ್ಚಿಗೆ ವಿದ್ಯಾರ್ಥಿಗಳ ಫೀಸೋ, ಯೂನಿವರ್ಸಿಟಿಯ ಹಣವೋ ಸೇರುತ್ತದೆ. ಮಿಷಿಗನ್‌ನಂಥ ಕೆಲವೇ ಕಡೆ ಅಥ್ಲೆಟಿಕ್ ಡಿಪಾರ್ಟ್‌ಮೆಂಟ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ. ದುಡಿಯುವುದು ಮುಖ್ಯವಾಗಿ ಫುಟ್‌ಬಾಲ್: ಟಿಕೆಟ್ಟು, ಟಿವಿ ಹಕ್ಕು, ದೇಣಿಗೆ. ಈಜು, ಜಿಮ್ನಾಸ್ಟಿಕ್ಸ್, ರೋಯಿಂಗ್, ಓಟ ಎಲ್ಲವೂ ಬದುಕುವುದು ಬಹುಪಾಲು ಆ ದುಡ್ಡಿನಲ್ಲೇ. ನಮ್ಮ ಕಡೆ ಒಬ್ಬ ಅಣ್ಣ ದುಡಿದು ಮನೆಯವರನ್ನೆಲ್ಲ ಸಾಕ್ತಾನಲ್ಲ, ಹಾಗೆ.

ಆದರೆ ಆ ಅಣ್ಣನ ಕೈಗೆ ಸಂಬಳವೇ ಬರುತ್ತಿರಲಿಲ್ಲ! ಆಗ ಅರ್ಧ ಊರು 16ನೇ ನಂಬರಿನ ಜರ್ಸಿ ಹಾಕಿಕೊಂಡು ಓಡಾಡುತ್ತಿತ್ತು. ಅದು ಶೂಲೇಸ್‌ನ ನಂಬರ್. ಜರ್ಸಿಯ ಮೇಲೆ ಹೆಸರು ಮಾತ್ರ ಇಲ್ಲ. ಎನ್‌ಸಿಎಎ ನಿಯಮದ ಪ್ರಕಾರ ಕಾಲೇಜು ಆಟಗಾರರು ಹವ್ಯಾಸಿಗಳು. ಫೀಸು, ರೂಮು, ಊಟ, ಪುಸ್ತಕ ಸ್ಕಾಲರ್‌ಶಿಪ್‌ನಲ್ಲಿ ಬರುತ್ತೆ. ತಮ್ಮ ಹೆಸರಿನಲ್ಲಿ ಒಂದು ಡಾಲರ್ ದುಡಿಯುವಂತಿಲ್ಲ. ಕೋಚ್‌ಗಳಿಗೆ ಮಾತ್ರ ಮಿಲಿಯನ್‌ಗಟ್ಟಲೆ ಸಂಬಳ. ನಾನು ಹೊಟ್ಟೆಕಿಚ್ಚು ಪಟ್ಟ ಆ ಟೈಪ್ ಮಾಡಿದ ಪತ್ರದ ಖರ್ಚನ್ನು, ಮಂಡಿ ಮುರಿದುಕೊಳ್ಳುತ್ತಿದ್ದ ಇಪ್ಪತ್ತು ವರ್ಷದ ಹುಡುಗರು ಕೊಡುತ್ತಿದ್ದರು.

ಈಗ ಅದು ಬದಲಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯಿಂದ ಯೂನಿವರ್ಸಿಟಿಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷ ಒಂದೊಂದು ಯೂನಿವರ್ಸಿಟಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಓದಿ ಖುಷಿಯಾಯ್ತು. ಆಮೇಲೆ ಇನ್ನೊಂದು ಸುದ್ದಿ ಕಣ್ಣಿಗೆ ಬಿತ್ತು. ಆ ರಾಜಿಯ ಖರ್ಚಿನ ಲೆಕ್ಕ ಹಾಕಿ, ಕೋರ್ಟ್ ಒಪ್ಪುವ ಮುಂಚೆಯೇ, ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ತನ್ನ ಈಜು ತಂಡವನ್ನು ಮುಚ್ಚಿತ್ತು. ಅಣ್ಣ ತನ್ನ ಪಾಲು ಕೇಳಿದ, ನ್ಯಾಯವಾಗೇ ಕೇಳಿದ. ಮನೆಯವರು ಮೊದಲು ಕಡಿತ ಮಾಡಿದ್ದು ಮಾತ್ರ ಕಿರಿಯರ ತಟ್ಟೆಯಿಂದ.

ಎಚ್‌ಓಡಿ ಮೇಲೆ ಈಗ ನನಗೆ ಸಿಟ್ಟಿಲ್ಲ. ಒಬ್ಬ ಪಿ.ಟಿ. ಮೇಷ್ಟ್ರು, ಮಳೆ ಬಂದರೆ ಕೆರೆಯಾಗುವ ಒಂದು ಗ್ರೌಂಡು ಇದ್ದ ಕಾಲೇಜು ಅದು. ಅಮೆರಿಕದ್ದೆಲ್ಲ ಒಳ್ಳೆಯದು ಅಂತಲೂ ನಾನು ಹೇಳುತ್ತಿಲ್ಲ. ಆದರೆ ನನ್ನ ಪತ್ರಕ್ಕೆ ಒಂದು ಲಕ್ಷ ಜನರ ಸ್ಟೇಡಿಯಂ ಬೇಕಿರಲಿಲ್ಲ. ಇನ್ನೊಂದು ಪ್ರಶ್ನೆಪತ್ರಿಕೆ ಮತ್ತು ಒಂದು ಗಂಟೆ ಸಾಕಿತ್ತು.

ಆ ಹುಡುಗಿಯ ಪತ್ರಕ್ಕೆ ಸಹಿ ಹಾಕುವಾಗ ಕೇಳಿದ್ದೆ, “ಯಾವ ಇವೆಂಟ್?”

“ಈಗ ಇನ್‌ಡೋರ್‌ನಲ್ಲಿ ಮೈಲ್. ಬೇಸಿಗೆ ಹತ್ತಿರ ಬಂದ ಮೇಲೆ ಔಟ್‌ಡೋರ್‌ನಲ್ಲಿ 1500 ಮೀಟರ್.” ಪತ್ರ ಮಡಚುತ್ತಾ ನನ್ನ ಮುಖ ನೋಡಿದಳು. “ನೀವೂ ಓಡ್ತಿದ್ರಾ?”

ಇಲ್ಲ ಅಂದುಬಿಟ್ಟೆ.

ಅವಳು ಥ್ಯಾಂಕ್ಸ್ ಹೇಳಿ, ಬ್ಯಾಗ್ ಹೆಗಲಿಗೇರಿಸಿ ಹೊರಟಳು. ಬಾಗಿಲ ಹತ್ತಿರ ನಿಂತು ಬಗ್ಗಿ ಶೂ ಲೇಸ್ ಬಿಗಿ ಮಾಡಿಕೊಂಡಳು. ನಾನು ಕೂತಲ್ಲೇ ನನ್ನ ಶೂ ನೋಡಿಕೊಂಡೆ. ಎರಡೂ ಸರಿಯಾಗೇ ಕಟ್ಟಿದ್ದವು.