ಭಾಗ 5: ಕಾರ್ಡ್ ಮೇಲೆ ಯಾರ ಹೆಸರು?

ವಿಸಿಟಿಂಗ್ ಕಾರ್ಡ್ ಡಿಸೈನ್ ಅಂದ್ರೆ ನಾವೆಲ್ಲ ಬಣ್ಣ, ಫಾಂಟ್, ಲೋಗೋ ಅಂತ ಶುರು ಮಾಡ್ತೀವಿ. ನನ್ನ ಪ್ರಕಾರ ಮೊದಲ ಪ್ರಶ್ನೆ ಬೇರೆ. ಕೆಲಸ ಯಾರದ್ದು?

ನಮ್ಮವ್ವ ಧಾರವಾಡದಲ್ಲಿ ಮನೆಯಿಂದಲೇ ಸೀರೆಗೆ, ಕುಪ್ಪಸಕ್ಕೆ ಕಸೂತಿ ಹಾಕ್ತಾಳೆ. ಗಿರಾಕಿಗಳೆಲ್ಲ ಬಾಯಿಮಾತಿನಿಂದ ಬಂದವರು. ಅವರ ಫೋನಲ್ಲಿ ಅವಳು ಬರೀ 'ಕಸೂತಿ ಆಂಟಿ'. ಕಾರ್ಡ್ ಮಾಡಿಸೋಣ ಅಂದಾಗ ಅವ್ವ ಹೇಳಿದ್ದು, "ನನ್ನ ಹೆಸರ ಯಾಕ? ನಿಮ್ಮಪ್ಪಂದ ಹಾಕು, ಚಲೋ ಕಾಣತೈತಿ."

"ಸೂಜಿ ಹಿಡಿಯಾಕಿ ನೀ. ಅಪ್ಪನ ಹೆಸರ ಹೆಂಗ ಹಾಕ್ಲಿ ಬೇ?" ಅಂದೆ. ಅವಳು ಉತ್ತರ ಕೊಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಹಾಗಾಗಿ ಕಾರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ ಅವಳ ಹೆಸರಿಗೆ. ಕೆಳಗೆ 'ಕೈಕಸೂತಿ, ಧಾರವಾಡ', ಆಮೇಲೆ ಫೋನ್ ನಂಬರ್. ಅಷ್ಟೇ. ಫಾಲ್, ಪಿಕೋ, ಕುಚ್ಚು ಎಲ್ಲ ಅವಳಿಗೆ ಬರುತ್ತೆ. ಆದರೆ ಹತ್ತು ಕೆಲಸ ಬರೆದ್ರೆ ನೋಡಿದವರಿಗೆ ಒಂದೂ ನೆನಪಿರಲ್ಲ.

ಚಿತ್ರಕ್ಕೆ ತೇರು, ಆನೆ, ತುಳಸಿಕಟ್ಟೆ ಎಲ್ಲ ಇದ್ವು. ನಾನು ಆರಿಸಿದ್ದು ಒಂದೇ ಗೋಪುರ, ಗವಂತಿ ಹೊಲಿಗೆಯದ್ದು. ಗವಂತಿಯಲ್ಲಿ ಗಂಟು ಹಾಕೋ ಹಾಗಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ತರ ಕಾಣಬೇಕು. ಅದಕ್ಕೇ ಕಾರ್ಡಿನ ಹಿಂದೆಯೂ ಅದೇ ಗೋಪುರ, ಅದೇ ಜಾಗದಲ್ಲಿ. ಕಸೂತಿ ಗೊತ್ತಿರೋರಿಗೆ ಕಾರ್ಡ್ ತಿರುಗಿಸಿದ ಕೂಡಲೇ ಅರ್ಥ ಆಗುತ್ತೆ: ಇವಳಿಗೆ ಕೆಲಸ ಗೊತ್ತು. ಬ್ರ್ಯಾಂಡ್ ಅಂದ್ರೆ ನನಗೆ ಇದೇ.

ನೀವು ಮಾಡೋದಿದ್ರೆ ಇಷ್ಟು ನೋಡ್ಕೊಳ್ಳಿ:

▪️ ಅಳತೆ 3.5 × 2 ಇಂಚು ಇದ್ರೆ ಪರ್ಸಲ್ಲಿ ಸಲೀಸಾಗಿ ಕೂರುತ್ತೆ. ಕತ್ತರಿಸುವಾಗ ಅಂಚಲ್ಲಿ ಬಿಳಿ ಗೆರೆ ಉಳಿಯದ ಹಾಗೆ ಹಿನ್ನೆಲೆ ಬಣ್ಣವನ್ನ ಸುತ್ತಲೂ 3 ಮಿ.ಮೀ. ಹೆಚ್ಚಿಗೆ ಬಿಡಿ.

▪️ ಕನ್ನಡ ಅಕ್ಷರಗಳನ್ನ ಔಟ್‌ಲೈನ್ ಮಾಡಿ ಪಿಡಿಎಫ್ ಕೊಡಿ. ಇಲ್ಲಾಂದ್ರೆ ಪ್ರೆಸ್ಸಿನ ಕಂಪ್ಯೂಟರಲ್ಲಿ ಆ ಫಾಂಟ್ ಇರದೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗಬಹುದು. ಹೆಸರೇ ತಪ್ಪಾದ್ರೆ ಉಳಿದದ್ದು ಯಾಕೆ?

▪️ ಹಿಂಬದಿಗೆ ಲ್ಯಾಮಿನೇಷನ್ ಬೇಡ. ಪೆನ್ನಲ್ಲಿ ಬರೆಯೋಕೆ ಬರಬೇಕು. ಅವ್ವ ಅಲ್ಲಿ ಡಿಸೈನ್ ನಂಬರ್, ಕೊಡೋ ತಾರೀಖು ಬರೆದು ಕೊಡ್ತಾಳೆ. ಹಾಗೆ ಬರೆದ ಕಾರ್ಡನ್ನ ಸೀರೆ ಕೈಗೆ ಬರೋವರೆಗೂ ಯಾರೂ ಬಿಸಾಕಲ್ಲ.

ನಿಮ್ಮ ಮನೇಲೂ ಹೆಸರಿಲ್ಲದೆ ಕೆಲಸ ಮಾಡ್ತಿರೋರು ಯಾರಾದ್ರೂ ಇದ್ದಾರಾ? ಅವರು ಏನು ಮಾಡ್ತಾರೆ, ಒಂದೇ ಸಾಲಲ್ಲಿ ಕಮೆಂಟ್ ಮಾಡಿ. ಆ ಒಂದು ಸಾಲೇ ಅವರ ಕಾರ್ಡಿನ ಮೊದಲ ಡ್ರಾಫ್ಟ್.

#ಕನ್ನಡಡಿಸೈನ್ #ಕಸೂತಿ #ಧಾರವಾಡ #ವಿಸಿಟಿಂಗ್‌ಕಾರ್ಡ್