ದೆವ್ವಕ್ಕೆ ಇಟ್ ಅನ್ನಬೇಕೋ, ಶೀ ಅನ್ನಬೇಕೋ?

ನಮ್ಮೂರು ಚಿಮ್ಮನಚೋಡ. ಕಲಬುರಗಿ ಜಿಲ್ಲೆ, ಚಿಂಚೋಳಿ ತಾಲ್ಲೂಕು. ಮುಲ್ಲಾಮಾರಿ ನದಿ, ತೊಗರಿ ಹೊಲ, ಸಂಜೆಯಾದ್ರೆ ಕೈಕೊಡುವ ಕರೆಂಟು... ಇಂಥಾ ಊರಲ್ಲಿ ಬೆಳೆದವನಿಗೆ ದೆವ್ವದ ಕಥೆಗಳಿಗೇನು ಬರ? ಕರೆಂಟು ಹೋದ ಕೂಡ್ಲೇ ಆಯಿ ಶುರು ಮಾಡ್ತಿದ್ಳು. "ರಾತ್ರಿ ಹೊರಗಿಂದ ಯಾರರೆ ಒಂದ್ ಸಲ ಕರದ್ರ ಓ ಅನಬ್ಯಾಡ. ಮೂರ್ ಸಲ ಕರದ್ರ ಮನಷ್ಯಾರು. ಒಂದೇ ಸಲ ಕರದ್ರ ಅದು ದೆವ್ವ."

ಆ ಕಥೆಗಳು ಮುಂದೊಂದು ದಿನ ಜಪಾನಿನಲ್ಲಿ ಉಪಯೋಗಕ್ಕೆ ಬರ್ತಾವೆ ಅಂತ ಮಾತ್ರ ಅಂದುಕೊಂಡಿರಲಿಲ್ಲ!

ಯೊಕೊಹಾಮಾದಲ್ಲಿ ನಾನು ವಾರಕ್ಕೊಂದು ಸಂಜೆ ದೊಡ್ಡವರಿಗೆ ಇಂಗ್ಲಿಷ್ ಮಾತಾಡೋದು ಹೇಳಿಕೊಡ್ತೀನಿ. ಇಲ್ಲಿ ಇದಕ್ಕೆ 'ಏಕೈವಾ' ಅಂತಾರೆ. ನನ್ನ ತರಗತಿಯಲ್ಲಿ ಆರೇ ಜನ, ಹೆಚ್ಚಿನವರು ನಿವೃತ್ತರು. ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿದವರು, ವ್ಯಾಕರಣ ನನಗಿಂತ ಚೆನ್ನಾಗಿ ಗೊತ್ತು. ಆದ್ರೆ ಬಾಯಿ ಬಿಡೋದಿಲ್ಲ. ತಪ್ಪಾದ್ರೆ? ಅದೊಂದೇ ಭಯ. ನಿಮ್ಮ ಹವ್ಯಾಸ ಏನು ಅಂದ್ರೆ 'ರೀಡಿಂಗ್' ಅಂತಾರೆ. ಆಮೇಲೆ ಗೋಡೆ ಗಡಿಯಾರದ ಸದ್ದು ಮಾತ್ರ.

ಒಂದು ಆಗಸ್ಟ್ ಸಂಜೆ ಬೇಜಾರಾಗಿ ಕೇಳಿದೆ, ನಿಮ್ಮಲ್ಲಿ ಯಾರಾದ್ರೂ ದೆವ್ವ ನೋಡಿದೀರಾ?

ಅಷ್ಟೇ ನೋಡಿ... ಆರೂ ಜನ ಒಟ್ಟಿಗೇ ಮಾತಾಡೋಕೆ ಶುರು! ಜಪಾನಿನಲ್ಲಿ ದೆವ್ವದ ಕಥೆಗಳಿಗೆ ಬೇಸಿಗೆಯೇ ಕಾಲ. ಸೆಖೆಯಲ್ಲಿ ಮೈ ಜುಂ ಅನ್ನಲಿ ಅಂತ. ನೂರು ದೀಪ ಹಚ್ಚಿಟ್ಟು ಒಂದೊಂದು ಕಥೆಗೆ ಒಂದೊಂದು ದೀಪ ಆರಿಸುವ ಆಟ ಅವರಲ್ಲಿ ಹಿಂದಿನಿಂದ ಇತ್ತು. ಕೊನೇ ದೀಪ ಆರಿದ ಮೇಲೆ ನಿಜವಾದ ದೆವ್ವ ಬರುತ್ತಂತೆ. ಅವರ ದೆವ್ವಕ್ಕೆ ಪಾದವೇ ಇಲ್ಲ, ನಮ್ಮದಕ್ಕೆ ಪಾದ ಹಿಂದುಮುಂದು ಅಂದಾಗ ಬಿದ್ದು ಬಿದ್ದು ನಕ್ಕರು :)

ಇದೇನು ನಾನೇ ಕಂಡುಹಿಡಿದ ಉಪಾಯವಲ್ಲ ಅಂತ ಆಮೇಲೆ ಅನಿಸಿತು. 1890ರಲ್ಲಿ ಜಪಾನಿಗೆ ಬಂದು ಮಾತ್ಸುಎ ಊರಲ್ಲಿ ಇಂಗ್ಲಿಷ್ ಮೇಷ್ಟ್ರಾದ ಲಾಫ್ಕಾಡಿಯೋ ಹರ್ನ್ ಇದ್ನಲ್ಲ, ಅವನಿಗೆ ಜಪಾನಿ ಅಷ್ಟಕ್ಕಷ್ಟೇ, ಹೆಂಡತಿ ಸೆತ್ಸುಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ತಮ್ಮದೇ ಒಂದು ಮುರುಕು ಜಪಾನಿಯಲ್ಲಿ ಆಕೆ ಹೇಳಿದ ಕಥೆಗಳೂ ಸೇರಿ 1904ರಲ್ಲಿ 'ಕ್ವೈದಾನ್' ಪುಸ್ತಕವಾಯ್ತು. ದೆವ್ವಕ್ಕೆ ಮುರುಕು ಭಾಷೆಯೇ ಸಾಕು.

ಮುಂದಿನ ವಾರ ನನ್ನ ಸರದಿ. 'ನಾಳೆ ಬಾ' ಕಥೆ ಹೇಳಿದೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಹಬ್ಬಿದ ಸುದ್ದಿ ನಿಮಗೂ ನೆನಪಿರಬೇಕು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ್ರೆ ಓದಿಕೊಂಡು ವಾಪಸ್ ಹೋಗುತ್ತೆ. ಮರುದಿನವೂ ಅದೇ ಕಥೆ. ಸೋದರಮಾವನ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದವನು ನಾನೇ.

ಆಗ ಒಂದು ವ್ಯಾಕರಣದ ಪ್ರಶ್ನೆ ಎದ್ದಿತು. ದೆವ್ವಕ್ಕೆ 'ಇಟ್' ಅನ್ನಬೇಕೋ, 'ಶೀ' ಅನ್ನಬೇಕೋ? ಕನ್ನಡದಲ್ಲಿ ದೆವ್ವ ಬಂತು, ಹೋಯ್ತು. ಜಪಾನಿಯಲ್ಲಿ ಕರ್ತೃವನ್ನ ಹೇಳದೇ ಬಿಟ್ಟರೂ ನಡೆಯುತ್ತೆ. ಆದ್ರೆ ಅಲ್ಲೊಂದು ಮಜಾ ಇದೆ. ಮೇಜು ಕುರ್ಚಿ ಇದ್ರೆ 'ಅರು' ಅಂತಾರೆ, ಜೀವ ಇರುವವಕ್ಕೆ 'ಇರು' ಅಂತಾರೆ (ಥೇಟ್ ನಮ್ಮ ಇರು!). ದೆವ್ವಕ್ಕೆ? 'ಇರು'ವೇ! ಸತ್ತವರನ್ನ ಅವರ ಭಾಷೆ ಮೇಜು ಕುರ್ಚಿಗಳ ಜತೆ ಸೇರಿಸೋದಿಲ್ಲ.

ನಾನು ಮೇಷ್ಟ್ರ ಗತ್ತಿನಲ್ಲಿ 'ಇಟ್' ಅನ್ನಿ ಅಂತ ತೀರ್ಪು ಕೊಟ್ಟೆ.

ಮೂಲೆಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೂತಿದ್ರು. ಹಿಂದಿನ ವರ್ಷ ಹೆಂಡತಿಯನ್ನ ಕಳಕೊಂಡವರು. ಮೆಲ್ಲಗೆ ಕೈ ಎತ್ತಿದರು. "ಸೆನ್ಸೇ, ನನ್ನ ಹೆಂಡತಿಯ ದನಿಯಾದ್ರೆ... ಇಟ್ ಕಾಲ್..." ಅಲ್ಲಿಗೇ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ನೋ. ಶೀ. ಶೀ ಕಾಲ್. ಐ ಓಪನ್ ಡೋರ್."

ಆ ಪುಟ್ಟ ವಾಕ್ಯಗಳಲ್ಲಿ ಎಷ್ಟು ತಪ್ಪಿದ್ವೋ, ನಾನು ತಿದ್ದಲಿಲ್ಲ.

ಯಾಕಂದ್ರೆ ನನ್ನವ್ವ ತೀರಿಕೊಂಡಿದ್ದು 2021ರ ಕೊರೊನಾ ಕಾಲದಲ್ಲಿ, ಚಿಮ್ಮನಚೋಡದಲ್ಲೇ. ಹೋಗೋಕೆ ಆಗಲಿಲ್ಲ. ಮಣ್ಣು ಮಾಡೋದನ್ನ ಫೋನಿನಲ್ಲಿ ನೋಡಿದೆ, ಅದೂ ನಡುವೆ ನೆಟ್‌ವರ್ಕ್ ಹೋಯ್ತು. ಈ ಮಾತನ್ನ ಅವತ್ತು ಆ ಆರು ಜನರ ಮುಂದೆ ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ಯಾರಿಗೂ ಹೇಳಿರಲಿಲ್ಲ.

ಆಗಸ್ಟ್ ಮಧ್ಯದಲ್ಲಿ ಇಲ್ಲಿ 'ಓಬೊನ್' ಹಬ್ಬ. ನಾವು ಮಹಾಲಯ ಅಮಾವಾಸ್ಯೆಗೆ ಹಿರೇರಿಗೆ ಎಡೆ ಇಡ್ತೀವಲ್ಲ, ಹಾಗೆ. ಸೌತೆಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕುದುರೆ ಮಾಡ್ತಾರೆ, ಸತ್ತವರು ಬೇಗ ಬರಲಿ ಅಂತ. ಬದನೆಕಾಯಿಗೆ ಚುಚ್ಚಿ ಎತ್ತು ಮಾಡ್ತಾರೆ, ವಾಪಸ್ ನಿಧಾನಕ್ಕೆ ಹೋಗಲಿ ಅಂತ. ಹಬ್ಬದ ಹಿಂದಿನ ದಿನ ಆ ಹಿರಿಯರು ನನ್ನ ಕೈಗೊಂದು ಸೌತೆಕಾಯಿ ಕುದುರೆ ಇಟ್ಟು ಹೇಳಿದ್ರು, "ನಿಮ್ಮ ತಾಯಿಗೆ. ಇಂಡಿಯಾ ದೂರ."

ಅದನ್ನ ಕಿಟಕಿಯಲ್ಲಿ ಇಟ್ಟೆ. ಆಯಿ ಬೈದ್ರೂ ಸರಿ, ಅವ್ವ ಕರೆದ್ರೆ ನಾನು ಮೂರನೇ ಸಲಕ್ಕೆ ಕಾಯೋದಿಲ್ಲ. ಒಂದೇ ಸಲಕ್ಕೆ ಓ ಅಂತೀನಿ.

ನಿಮ್ಮೂರ ದೆವ್ವ ಎಷ್ಟು ಸಲ ಕರೆಯುತ್ತೆ? ಹೇಳಿ, ಮುಂದಿನ ತರಗತಿಗೆ ಬೇಕು...